ಸೌತ್ ಡಕೋಟಾದಲ್ಲಿ ಹುತ್ತಕ್ಕೆ ಹಾಲೆರೆದದ್ದು

ಹುತ್ತಕ್ಕೆ ಹಾಲೆರೆದು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದೆ. ಕಣ್ಣು ಬಿಟ್ಟರೆ ದಪ್ಪ ಹೆಗ್ಗಣದಂಥ ಪ್ರಾಣಿಯೊಂದು ಹುತ್ತದಿಂದ ಎದ್ದು ನಿಂತು, ಅದೂ ಎದೆಯ ಮೇಲೆ ಕೈ ಜೋಡಿಸಿಕೊಂಡು ನನ್ನನ್ನೇ ನೋಡುತ್ತಿದೆ.

ಜಾಗ ನಮ್ಮ ದೊಡ್ಡಬಳ್ಳಾಪುರವಲ್ಲ... ಅಮೆರಿಕದ ಸೌತ್ ಡಕೋಟಾ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ರಂಗಪ್ಪ ಈಗ ಮಿನೆಸೋಟದಲ್ಲಿದ್ದಾನೆ. ಬೇಸಿಗೆಗೆ ಬಾ, ನಾಲ್ಕು ಸ್ಟೇಟ್ ತೋರಿಸ್ತೀನಿ ಅಂತ ಕರೆಸಿಕೊಂಡ.

ತೋರಿಸಿದ, ಇಲ್ಲವೆನ್ನಲಾರೆ. ದಿನವಿಡೀ ಮುಸುಕಿನ ಜೋಳದ ಹೊಲ ತೋರಿಸಿದ. ಆಮೇಲೆ ಪಕ್ಕದ ಸ್ಟೇಟಿನ ಮುಸುಕಿನ ಜೋಳದ ಹೊಲ ತೋರಿಸಿದ.

ಬೆಟ್ಟದಲ್ಲಿ ಕೆತ್ತಿರುವ ಅಧ್ಯಕ್ಷರ ತಲೆಗಳನ್ನು ನೋಡಲು ಹೊರಟಿದ್ದೆವು. ಬಂಡೆ ನೋಡೋಕೆ ಇಷ್ಟು ದೂರ ಬರಬೇಕಿತ್ತಾ, ಶಿವಗಂಗೆಗೆ ಬಸ್ಸಿತ್ತಲ್ಲ ಅಂದೆ. ರಂಗಪ್ಪ ಕಾರಿನ ರೇಡಿಯೋ ಜೋರು ಮಾಡಿದ.

ಮರುದಿನ ಬೆಳಿಗ್ಗೆ ನಾಗರ ಪಂಚಮಿ. ಊರಿನಿಂದ ಮಗಳು ಫೋನ್ ಮಾಡಿ, ಅಲ್ಲಿ ಹಬ್ಬ ಮುಗಿದು ತಂಬಿಟ್ಟೂ ಖಾಲಿಯಾಯಿತು ಅಂದಳು. ನನಗಿಲ್ಲಿ ಈಗಷ್ಟೇ ಬೆಳಕು ಹರಿದಿದೆ...

ನನ್ನ ಹೆಂಡತಿ ಜಯಮ್ಮ ಇದ್ದಷ್ಟು ಕಾಲ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವುದನ್ನು ತಪ್ಪಿಸಿದವಳಲ್ಲ. ಆ ಹುತ್ತದಲ್ಲಿ ಹಾವನ್ನು ನಾನಂತೂ ಕಂಡಿಲ್ಲ. ಖಾಲಿ ಮನೆಗೆ ಹಾಲು ಹಾಕ್ತೀಯಲ್ಲೇ ಅಂತ ರೇಗಿಸಿದರೆ ಅವಳದು ಒಂದೇ ಉತ್ತರ.

"ಒಳಗಿದ್ದಾನೆ ಕಣ್ರೀ. ನಿಮ್ಮ ಕಣ್ಣಿಗೆ ಕಾಣ್ತಿಲ್ಲ ಅಷ್ಟೆ."

ಅವಳು ಹೋದ ಮೇಲೆ ಆ ಕೆಲಸ ನನ್ನದಾಯಿತು. ಒಂದು ವರ್ಷವೂ ಬಿಟ್ಟಿಲ್ಲ. ಈ ಸಲ ಬಿಟ್ಟರೆ ಅವಳಿಗೆ ಏನು ಹೇಳಲಿ, ಅಧ್ಯಕ್ಷರ ತಲೆ ನೋಡಲು ಹೋಗಿದ್ದೆ ಅಂತಲೇ?

ಹಾಲಿಗೆ ಉಪಾಯ ಸಿಕ್ಕಿತು. ಮೋಟೆಲ್ಲಿನಲ್ಲಿ ತಿಂಡಿಯ ಜೊತೆ ಕಾಫಿಗೆ ಹಾಕುವ ಹಾಲನ್ನು ಪುಟ್ಟ ಪುಟ್ಟ ಕಪ್ಪುಗಳಲ್ಲಿ ಇಟ್ಟಿರುತ್ತಾರೆ. ಒಂದು ಹಿಡಿ ಜೇಬಿಗೆ ಇಳಿಸಿದೆ.

ಹುತ್ತವನ್ನು ದೇವರೇ ತೋರಿಸಿದ. ದಾರಿಯಲ್ಲಿ ಒಂದು ಪಾರ್ಕಿನ ಬಳಿ ಕಾರು ನಿಲ್ಲಿಸಿ ರಂಗಪ್ಪ ರೆಸ್ಟ್‌ರೂಮಿಗೆ ಹೋದ. ನೋಡಿದರೆ ಎದುರಿನ ಹುಲ್ಲುಗಾವಲಿನ ತುಂಬ ಹುತ್ತಗಳು. ನಮ್ಮೂರ ಹತ್ತಿರದ ಘಾಟಿ ದೇವಸ್ಥಾನದಲ್ಲೂ ಇಷ್ಟೊಂದನ್ನು ಒಟ್ಟಿಗೆ ನೋಡಿರಲಿಲ್ಲ. ಸ್ವಲ್ಪ ಕುಳ್ಳಗಿದ್ದವು, ಅಷ್ಟೆ.

ಮುಚ್ಚಳ ಕಿತ್ತು ಕಿತ್ತು ಎರೆದೆ. ಒಂದರಿಂದ ಯಾವುದೋ ಬೀಜದ ವಾಸನೆ ಬಂತು, ಮುಚ್ಚಳದ ಮೇಲೆ ಹೇಜಲ್‌ನಟ್ ಅಂತ ಬರೆದಿತ್ತು. ಈ ಕಡೆಯ ನಾಗಪ್ಪನಿಗೆ ಅಭ್ಯಾಸವಿರಬಹುದು ಅಂದುಕೊಂಡು ಅದನ್ನೂ ಸುರಿದೆ.

ಆಗಲೇ ಆ ಹೆಗ್ಗಣ ಎದ್ದದ್ದು. ಸುಮ್ಮನೆ ನೋಡಿ ಹೋಗಲಿಲ್ಲ, ನಾಯಿಮರಿಯ ಹಾಗೆ ಬೊಗಳಲು ಶುರು ಮಾಡಿತು. ಅದರ ಕೂಗಿಗೆ ಸುತ್ತಲಿನ ಹುತ್ತಗಳಿಂದೆಲ್ಲ ತಲೆಗಳು ಎದ್ದವು. ಅಧ್ಯಕ್ಷರಿಗಿಂತ ಮೊದಲು ಇವುಗಳ ದರ್ಶನವಾಯಿತು.

ರಂಗಪ್ಪ ಓಡಿ ಬಂದ.

"ಏನ್ಲಾ ನಾಣಿ ಮಾಡ್ತಿದೀಯಾ? ಅದು ಪ್ರೇರಿ ಡಾಗ್ ಬಿಲ ಕಣಲಾ. ಇಲ್ಲಿ ಪ್ರಾಣಿಗಳಿಗೆ ಏನಾದ್ರೂ ಕೊಟ್ರೆ ಫೈನ್ ಹಾಕ್ತಾರೆ."

ಅವನ ಹಿಂದೆಯೇ ಅಗಲ ಟೋಪಿ ಹಾಕಿಕೊಂಡ ಒಬ್ಬ ಹೆಂಗಸು, ಆ ಪಾರ್ಕಿನ ರೇಂಜರ್.

ನನಗೆ ಫೈನಿನ ಚಿಂತೆಯಿಲ್ಲ. ಜಯಮ್ಮನ ಹೆಸರಿನ ಹಾಲನ್ನು ಹೆಗ್ಗಣಕ್ಕೆ ಕುಡಿಸಿಬಿಟ್ಟೆನಲ್ಲ ಎಂಬುದೇ ಸಂಕಟ.

ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ರಜೆ ಅರ್ಜಿ ಮಾತ್ರ. ಅದರಿಂದಲೇ ಶುರು ಮಾಡಿದೆ.

"ರೆಸ್ಪೆಕ್ಟೆಡ್ ಮೇಡಂ, ಐ ಬೆಗ್ ಟು ಸ್ಟೇಟ್ ದಟ್ ದಿಸ್ ಈಸ್ ಸ್ನೇಕ್ ಹೌಸ್. ಮೈ ಲೇಟ್ ವೈಫ್ ಎವ್ರಿ ಇಯರ್ ಮಿಲ್ಕ್ ಪೋರಿಂಗ್. ಕೈಂಡ್ಲಿ ಎಕ್ಸ್‌ಕ್ಯೂಸ್."

ಆಕೆ ರಂಗಪ್ಪನ ಮುಖ ನೋಡಿದಳು. ರಂಗಪ್ಪ ಆಕಾಶ ನೋಡಿದ.

ಖಾಲಿ ಕಪ್ಪುಗಳನ್ನು ಆರಿಸಿಕೊಳ್ಳಿ ಅಂದಳು. ಬಗ್ಗಿದೆ. ಬಗ್ಗಿದವನು ಅಭ್ಯಾಸದಂತೆ ಚೂರು ಹುತ್ತದ ಮಣ್ಣನ್ನೂ ತೆಗೆದು ಕಿವಿಗೆ ಹಚ್ಚಿಕೊಂಡೆ. ಆಕೆಗೆ ಗಾಬರಿ. ಹಿಂದೆ ಬನ್ನಿ, ಈ ಬಿಲಗಳಲ್ಲಿ ರ‍್ಯಾಟಲ್ ಸ್ನೇಕ್ ಅನ್ನುವ ವಿಷದ ಹಾವುಗಳು ಸೇರಿಕೊಂಡಿರುತ್ತವೆ ಅಂದಳು.

ನಾನು ಅಲ್ಲೇ ನಿಂತೆ.

"ಸ್ನೇಕ್ ಇನ್‌ಸೈಡ್? ಶ್ಯೂರ್?"

"ದೇ ಆರ್ ಇನ್ ದೇರ್, ಸರ್. ಯು ಜಸ್ಟ್ ಡೋಂಟ್ ಸೀ ದೆಮ್."

ಇದೇ ಮಾತು. ಜಯಮ್ಮನದೇ ಮಾತು, ಟೋಪಿ ಹಾಕಿಕೊಂಡು ಬಂದು ಇಂಗ್ಲಿಷಿನಲ್ಲಿ ಹೇಳಿದ ಹಾಗಿತ್ತು.

ಆಕೆಗೂ ಹುತ್ತಕ್ಕೂ ಸೇರಿಸಿ ಕೈಮುಗಿದೆ. ಹಾವಿದೆ ಎಂದರೆ ಇಷ್ಟು ಖುಷಿಪಡುವ ಮನುಷ್ಯನನ್ನು ಆಕೆ ಕಂಡಿರಲಿಕ್ಕಿಲ್ಲ, ಫೈನ್ ಹಾಕುವುದನ್ನೇ ಮರೆತಳು.

ಅಧ್ಯಕ್ಷರ ತಲೆಗಳನ್ನೂ ನೋಡಿದೆವು. ಚೆನ್ನಾಗಿವೆ.

ಒಂದೇ ಅನುಮಾನ ಉಳಿದಿದೆ, ತಿಳಿದವರು ಹೇಳಿ... ಹೇಜಲ್‌ನಟ್ ಹಾಲು ನಡೆಯುತ್ತದೆ ತಾನೇ?