ಮೂವತ್ತು ಸಲ ಒತ್ತಿದ ಬೆರಳು

ಜಾನಕಕ್ಕ, ಅಂದು ತಪ್ಪು ನಿಮ್ಮ ಬೆರಳಿನದಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಮುಂದೆ ನಿಮ್ಮನ್ನು ದಡ್ಡಿ ಮಾಡಿದೆ.

ಚೆಟ್ಟಳ್ಳಿಯ ನಮ್ಮ ಎಸ್ಟೇಟಿಗೆ ಹಾಜರಿ ಹಾಕುವ ಆ್ಯಪ್ ಪರೀಕ್ಷೆಗೆಂದು ಬಂದಾಗ, ಓನರ್ ಅದರ ಉಸ್ತುವಾರಿಯನ್ನು ಮೇಸ್ತ್ರಿಯಾದ ನನಗೆ ಕೊಟ್ಟರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲೆಕ್ಕ ಬರೆಯುವ, ಓದಿದ ರೈಟರ್ ಇದ್ದೂ ನನ್ನನ್ನೇ ಕರೆದರಲ್ಲ — ಆ ಹೆಮ್ಮೆ ತಲೆಗೇರಿತ್ತು.

ನೀವು ಕಾಫಿ ಕೊಯ್ಯುತ್ತಿದ್ದ ತಗ್ಗಿನಲ್ಲಿ ನೆಟ್‌ವರ್ಕ್ ಹಿಡಿಯುತ್ತಿರಲಿಲ್ಲ. ನೀರಿನ ಟ್ಯಾಂಕಿನ ದಿಬ್ಬ ಹತ್ತಿ, ಫೋನ್ ಮೇಲೆತ್ತಿ, ಹಾಜರಿ ಬೀಳುವ ತನಕ ಒತ್ತುತ್ತಲೇ ಇರುತ್ತಿದ್ದಿರಿ.

“ಏನ್ ಮೇಸ್ತ್ರಿ, ನಿಮ್ ಫೋನಿಗೆ ದಿನಾ ಮಂಗಳಾರತಿ ಎತ್ಬೇಕಾ? ಮಂಡಿ ಬಿದ್ದೋಯ್ತು ನಂಗೆ!”

ನಾನೂ ನಕ್ಕಿದ್ದೆ.

ಆಮೇಲೆ ಆ್ಯಪ್ ಕಂಪನಿಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಅದರ ಪರದೆಯಲ್ಲಿ ನಿಮ್ಮ ಹೆಸರಿನ ಮುಂದಿನ ಗೆರೆ ಎಲ್ಲರದಕ್ಕಿಂತ ಉದ್ದವಾಗಿತ್ತು.

“ಇವ್ರು ದಿನಕ್ಕೆ ಮೂವತ್ತು ಸಲ ಓಪನ್ ಮಾಡ್ತಾರೆ. ನಿಜವಾಗ್ಲೂ ಇಷ್ಟ ಆಗಿದ್ಯಾ?”

ಇಷ್ಟವೋ ಕಷ್ಟವೋ ಆ ಗೆರೆಗೆ ಗೊತ್ತಾಗುವುದಿಲ್ಲ ಎಂದೇ ಅಲ್ಲವೇ ಅವಳು ನನ್ನನ್ನು ಕೇಳಿದ್ದು? ದಿಬ್ಬ, ಮಂಡಿನೋವು — ಗೆರೆಯಲ್ಲಿ ಯಾವುದೂ ಇರಲಿಲ್ಲ. ಉತ್ತರ ನನ್ನ ಬಾಯಲ್ಲಿತ್ತು. ಹೇಳಿದರೆ ಆ್ಯಪ್ ವಾಪಸ್ ಹೋಗುತ್ತಿತ್ತು, ನಾನು ಮತ್ತೆ ಬರೀ ಮೇಸ್ತ್ರಿ —

“ಇಷ್ಟ ಇಲ್ದೆ ಯಾರಾದ್ರೂ ಅಷ್ಟು ಸಲ ಒತ್ತುತ್ತಾರಾ ಮೇಡಂ?” ಎಂದೆ.

ಅಲ್ಲಿಯವರೆಗೆ ಜೊತೆಗೇ ಬರೆಯುತ್ತಿದ್ದ ಹಾಜರಿ ಪುಸ್ತಕ ಮುಂದಿನ ವಾರ ನಿಂತಿತು. ಅದೇ ವಾರ ಆ್ಯಪ್‌ನಲ್ಲಿ ನಿಮಗೆ ಮೂರು ದಿನ ಗೈರುಹಾಜರಿ ಬಿತ್ತು. ಬೆಳಿಗ್ಗೆ ಎಲ್ಲರೂ ಸೇರಿದ್ದಾಗ ಕೇಳಿದಿರಿ: “ಬಂದಿದ್ನಲ್ಲಾ ಮೇಸ್ತ್ರಿ, ನೀವೇ ನೋಡಿಲ್ವಾ?”

“ಫೋನ್ ಸರಿಯಾಗೇ ಇದೆ. ನಿಮ್ಗೆ ಒತ್ತಕ್ಕೆ ಬರಲ್ಲ, ಅಷ್ಟೆ.”

ಎಲ್ಲರೂ ನಕ್ಕರು. ನೀವು ಸೆರಗಿಗೆ ಬೆರಳು ಒರೆಸಿಕೊಂಡು ಇನ್ನೊಮ್ಮೆ ಒತ್ತಿದಿರಿ. ಬೆರಳಿನಲ್ಲೇ ಏನೋ ಕೊರತೆಯಿದೆ ಎಂಬಂತೆ. ನನ್ನ ಕಣ್ಣಿಂದ ಹೋಗದಿರುವುದು ಅದೊಂದೇ. ಆ ತಿಂಗಳೇ ಕೆಲಸ ಬಿಟ್ಟು ಶಿರಂಗಾಲದ ತಂಗಿಯ ಮನೆಗೆ ಹೋದಿರಿ. ಹನ್ನೆರಡು ವರ್ಷ ಕೊಯ್ದ ತೋಟ... ನಾನು ತಡೆಯಲಿಲ್ಲ.

ಮೊನ್ನೆ ಆ ಹುಡುಗಿಗೆ ಫೋನ್ ಮಾಡಿದೆ. “ಜಾನಕಕ್ಕ ಆ ಮೂವತ್ತು ಸಲವೂ ನೆಟ್‌ವರ್ಕ್ ಹಿಡೀಲಿಲ್ಲ ಅಂತ ಒತ್ತಿದ್ದು ಮೇಡಂ, ಇಷ್ಟ ಆಗಿ ಅಲ್ಲ” ಎಂದೆ.

ಈ ಕಾಗದ ನಿಮ್ಮ ಕೈ ಸೇರುವ ಮೊದಲು ಇನ್ನೊಂದು ಕೆಲಸವಿದೆ. ನಾಳೆ ಬೆಳಿಗ್ಗೆ ಹಾಜರಿಯ ಹೊತ್ತಿಗೆ, ಅಂದು ನಕ್ಕವರ ಮುಂದೆಯೇ ಹೇಳುತ್ತೇನೆ — ಜಾನಕಕ್ಕ ಆ ಮೂರು ದಿನವೂ ಬಂದಿದ್ದರು. ನಾನು ನೋಡಿದ್ದೆ.