ಕೇಳಿ ಆಸನ ಹಾಕಿಸುವ ಅಕ್ಕೋರು
ಮುನವಳ್ಳಿಯಲ್ಲಿ ಹೆಂಗಸರಿಗೆ ಯೋಗ ಕಲಿಸುವ ಮಥುರಾಬಾಯಿ ಅಕ್ಕೋರು ಉಸಿರನ್ನೂ ಅಪ್ಪಣೆ ಕೇಳಿಯೇ ಎಳೆದುಕೊಳ್ಳುತ್ತಾರೆಂದು ಊರು ನಗುತ್ತದೆ. ಚಾಪೆ ಎಲ್ಲಿ ಹಾಸಲಿ ಎಂದರೆ, "ನಿಮಗೆಲ್ಲಿ ಧೈರ್ಯ ಅನಸ್ತದ, ಅಲ್ಲೇ ಹಾಸ್ರಿ" ಎನ್ನುತ್ತಾರೆ. ಕೊರೆಯುವ ಚಳಿಯಲ್ಲೂ ಬಾಗಿಲು ಹಾಕುವುದಿಲ್ಲ. ಯಾರ ಬೆನ್ನ ಹಿಂದೆಯೂ ಸುಳಿಯುವುದಿಲ್ಲ, ಡೊಂಕು ಭುಜವನ್ನು ಮುಟ್ಟಿ ತಿದ್ದುವುದಿಲ್ಲ. "ಕಣ್ಣ ಮುಚ್ಚಬಹುದೇನ್ರಿ? ಬ್ಯಾಡಂದ್ರ ತೆರದ ಕುಂದರ್ರಿ" ಎಂದು ಒಬ್ಬೊಬ್ಬರನ್ನೂ ಕೇಳುವಷ್ಟರಲ್ಲಿ ಅರ್ಧ ತಾಸು ಕಳೆದಿರುತ್ತದೆ. "ಅಕ್ಕೋರ, ನನ್ನ ಲಗ್ನದಾಗೂ ಇಷ್ಟ ಯಾರೂ ಕೇಳಿರಲಿಲ್ರಿ" ಎಂದು ಕಲಿಯಲು ಬರುವ ಶೈಲಜಾ ಚೇಷ್ಟೆ ಮಾಡುತ್ತಾಳೆ. ಅಕ್ಕೋರ ಕಣ್ಣು ಮಾತ್ರ ಗೋಡೆಗೆ ಬೆನ್ನು ಕೊಟ್ಟು ಕೂತ ಸೋಮವ್ವನ ಮೇಲಿರುತ್ತದೆ. ಗಂಡನ ಹೊಡೆತ ತಾಳದೆ ತವರಿಗೆ ಬಂದವಳು ಅವಳು. ಎರಡು ವರ್ಷದಿಂದ ಏನು ಕೇಳಿದರೂ "ಹೂಂನ್ರಿ" ಎನ್ನುತ್ತಾಳೆ. ಮೊಣಕಾಲು ನೋಯುತ್ತಿದ್ದರೂ ಹೂಂ, ಉಸಿರು ಕಟ್ಟಿದರೂ ಹೂಂ. ಆ ಹೂಂ ಕೇಳಿದಾಗಲೆಲ್ಲ ಅಕ್ಕೋರ ಎದೆಯಲ್ಲಿ ಮುಳ್ಳು ಆಡಿಸಿದಂತಾಗುತ್ತದೆ. ಎಪ್ಪತ್ತೆಂಟನೇ ಇಸವಿಯಲ್ಲಿ ಅವರು ಸಾಲೆಯ ಡ್ರಿಲ್ ಟೀಚರಾಗಿದ್ದಾಗ, ಆರನೇ ಇಯತ್ತೆಯ ಇದೇ ಸೋಮವ್ವ ಒಂದು ಬೆಳಿಗ್ಗೆ ಡ್ರಿಲ್ಲಿಗೆ ಕರೆದಾಗ, "ನಾ ಒಲ್ಲೆರಿ, ಹೊಟ್ಟಿ ನೋಯತೈತಿ" ಎಂದಿದ್ದಳು. ಅವಳು ಹೂಂ ಅನ್ನುವತನಕ ಬೆತ್ತ ಬೀಸಿದವರು ಇದೇ ಅಕ್ಕೋರು. ಮೊನ್ನೆ ಕೈ ಮೇಲೆತ್ತಬಹುದೇ ಎಂದು ಕೇಳಿದಾಗ ಸೋಮವ್ವ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ಕೂತಳು. ಆಮೇಲೆ ಸಣ್ಣ ದನಿಯಲ್ಲಿ, "ಇವತ್ತ ಒಲ್ಲೆರಿ, ಅಕ್ಕೋರ" ಎಂದಳು. ಅಕ್ಕೋರು ತಾವು ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿಕೊಂಡು, ಎಲ್ಲರಿಗೂ ಕೇಳುವಂತೆ, "ಆತ್ರಿ ಸೋಮವ್ವ. ಆವತ್ತ ತಪ್ಪು ನಂದಿತ್ತು" ಎಂದರು.