ಸೆವ್ದಾಳ ಬಾಗಿಲಲ್ಲಿ ನಿಂತ ಕಾರು

ರುಸಾಲಿನಾಳಿಗೆ ಬಡ್ತಿ ಸಿಕ್ಕಿತು, ಬಡ್ತಿಯ ಜೊತೆಗೆ ಒಂದು ಬಿಳಿ ಕಾರೂ ಸಿಕ್ಕಿತು. ಅನಾಹುತವಾದದ್ದು ಆ ಕಾರಿನಿಂದ. ಅದರ ಎರಡೂ ಪಕ್ಕದಲ್ಲಿ ಕ್ಷಯ ರೋಗಿಗಳನ್ನು ನೋಡಿಕೊಳ್ಳುವ ಆರೋಗ್ಯ ಸಂಸ್ಥೆಯ ನೀಲಿ ಗುರುತು ದೊಡ್ಡದಾಗಿ ಬರೆದಿತ್ತು. ಬಲ್ಗೇರಿಯಾದ ಸ್ಲಿವೆನ್ ಊರಿನಲ್ಲಿ ರೋಮಾ ಜನಾಂಗದವರ ಮೊಹಲ್ಲಾದಲ್ಲಿ ಓದು ಬಾರದವರಿಗೂ ಆ ಗುರುತು ಗೊತ್ತು.

ಅವಳು ಆ ಸಂಸ್ಥೆಗೆ ಸೇರಿದ್ದು ನೆಲ ಒರೆಸುವುದಕ್ಕೆ. ಬಲ್ಗೇರಿಯನ್ ಡಾಕ್ಟರುಗಳು ಹೇಳಿದ್ದು ರೋಮಾ ಹೆಂಗಸರ ತಲೆಗೆ ಹೋಗುತ್ತಿರಲಿಲ್ಲ, ಹೆಂಗಸರು ಹೇಳಿದ್ದಕ್ಕೆ ಡಾಕ್ಟರುಗಳು ಕಿವಿಗೊಡುತ್ತಿರಲಿಲ್ಲ. ತಾನೂ ರೋಮಾ ಆಗಿದ್ದ ಇವಳು ಒರೆಸುವ ಬಟ್ಟೆ ಹಿಡಿದುಕೊಂಡೇ ನಡುವೆ ಬಾಯಿ ಹಾಕಿ ಇಬ್ಬರಿಗೂ ಬಿಡಿಸಿ ಹೇಳುತ್ತಿದ್ದಳು. ಕಡೆಗೆ ಬಾಯಿ ಹಾಕುವುದೇ ಅವಳ ಕೆಲಸವಾಯಿತು. ತರಬೇತಿಗೆ ಕಳಿಸಿದರು, ಮನೆಮನೆಗೆ ಹೋಗಿ ಮಾತ್ರೆ ನುಂಗಿಸುವ ಕಾರ್ಯಕರ್ತೆಯನ್ನಾಗಿ ಮಾಡಿದರು.

ಮೊಹಲ್ಲಾದಲ್ಲಿ ಕ್ಷಯ ಎಂದರೆ ಮನೆತನಕ್ಕೇ ಮಸಿ. ಅಂಥ ಮನೆಯ ಹುಡುಗಿಯನ್ನು ಯಾರೂ ತಂದುಕೊಳ್ಳುವುದಿಲ್ಲ. ಅದಕ್ಕೇ ರುಸಾಲಿನಾ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಓಣಿಯಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಓಣಿಯ ಅಷ್ಟೂ ಮನೆ ಹೊಕ್ಕು ಬರುವುದು. ಒಂದು ಕಡೆ ಬಿಪಿ ನೋಡುವಳು, ಇನ್ನೊಂದು ಕಡೆ ಮಗುವಿಗೆ ಲಸಿಕೆ ಹಾಕಿಸಿಲ್ಲವೆಂದು ಬೈಯುವಳು, ಮತ್ತೊಂದು ಕಡೆ ಸುಮ್ಮನೆ ಕಾಫಿ ಕುಡಿದು ಹರಟುವಳು. ಮಾತ್ರೆ ಯಾವ ಮನೆಗೆ ಬಂತೆಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ.

ಈಗ ಅವಳು ಮೇಲ್ವಿಚಾರಕಿ. ಸುತ್ತಲಿನ ಊರುಗಳೆಲ್ಲ ಅವಳ ತಲೆಯ ಮೇಲೆ. ಮೊದಲ ವಾರವೇ ಮೀಟಿಂಗಿಗೆ ತಡವಾಯಿತೆಂದು ಕಾರನ್ನು ನೇರವಾಗಿ ಗೆಳತಿ ಸೆವ್ದಾಳ ಬಾಗಿಲಿಗೇ ತಂದು ನಿಲ್ಲಿಸಿದಳು. ಸೆವ್ದಾಳ ಮಗಳು ಮಿಂಕಾಳಿಗೆ ಮಾತ್ರೆ ಕೊಟ್ಟು ಹಾಗೇ ಹೊರಟುಬಿಟ್ಟಳು, ಪಕ್ಕದ ಮನೆಯ ಹೊಸಿಲನ್ನೂ ತುಳಿಯಲಿಲ್ಲ. ಎಷ್ಟು ವರ್ಷದ ಜಾಣತನ, ಒಂದು ಗಳಿಗೆಯಲ್ಲಿ ನೀರುಪಾಲು! ಸಂಜೆಯೊಳಗೆ ಓಣಿಯೆಲ್ಲ ಗುಸುಗುಸು. ಮಿಂಕಾಳಿಗೆ ಆಗಲೇ ಮದುವೆ ಗೊತ್ತಾಗಿತ್ತು. ಮಾತ್ರೆ ನುಂಗಿದರೆ ಕಾಯಿಲೆ ಇದೆಯೆಂದು ಒಪ್ಪಿಕೊಂಡ ಹಾಗೆ ಎಂದು ಹುಡುಗಿ ಕದ ಹಾಕಿಕೊಂಡಳು.

ಮಿಂಕಾಳ ಕಾಯಿಲೆ ಬೇರೆಯವರಿಗೆ ಹರಡುವ ಹಂತ ದಾಟಿತ್ತು, ನಿಜ. ಆದರೆ ನಡುವೆ ಬಿಟ್ಟರೆ ಯಾವ ಔಷಧಿಗೂ ಜಗ್ಗದ ಹಾಗೆ ಅದು ತಿರುಗಿ ಬರುತ್ತದೆ. ಹಾಗೆ ಬಂದವರನ್ನು ರುಸಾಲಿನಾ ಸ್ಮಶಾನದವರೆಗೆ ಕಳಿಸಿಕೊಟ್ಟು ಬಂದಿದ್ದಳು. ನಿರ್ದೇಶಕಿ ವೆಸೆಲಾ ಫೋನಿನಲ್ಲಿ, "ಆ ಹುಡುಗಿ ಮಾತ್ರೆ ತಗೋತಿದಾಳೆ ತಾನೆ?" ಎಂದು ಕೇಳಿದಾಗ, "ಹೂಂ ಮೇಡಂ, ತಗೋತಿದಾಳೆ" ಎಂದುಬಿಟ್ಟಳು.

ಭಾನುವಾರ ನಡೆದುಕೊಂಡೇ ಹೋದಳು. ಸೆವ್ದಾಳ ಅಂಗಳದಲ್ಲಿ ಅಕ್ಕಪಕ್ಕದ ಹೆಂಗಸರು ನೆರೆದಿದ್ದರು. ನಡುವೆ ವರನ ತಾಯಿ ಗಿನಾ ಕೂತಿದ್ದಳು. ಹುಡುಗಿಗೆ ಹಾಕಿದ್ದ ಚಿನ್ನದ ಸರ ವಾಪಸು ಕೇಳಲು ಬಂದಿದ್ದಳು. ಸೆವ್ದಾ ರುಸಾಲಿನಾಳ ಮುಖ ನೋಡದೆ ಒಂದು ಬಟ್ಟಲು ಕಾಫಿ ಕೈಗಿಟ್ಟಳು. ಮನೆಗೆ ಬಂದವರಿಗೆ ಕೊಡದೆ ಇರುವ ಹಾಗಿಲ್ಲವಲ್ಲ.

"ಬಂದ್ಲು ನೋಡಿ ದೊಡ್ಡ ಮೇಡಂ! ಎಲ್ಲೇ ನಿನ್ನ ಕಾರು?" ಎಂದಳು ಗಿನಾ. "ಆ ಕಾರು ಯಾರ ಮನೆ ಮುಂದೂ ಸುಮ್‌ಸುಮ್ನೆ ನಿಲ್ಲಲ್ಲ. ಯಾರಿಗೆ ಕ್ಷಯ? ಬಾಯಿ ಬಿಟ್ಟು ಹೇಳು."

ರುಸಾಲಿನಾ ಒಂದು ಗುಟುಕು ಕುಡಿದಳು.

"ನನಗೆ."

"ಏನಂದೆ?"

"ನನಗೇ ಕಣೇ ಗಿನಾ. ಅವತ್ತು ಡಾಕ್ಟರು ಹೇಳಿದ ತಕ್ಷಣ ಅಳೋಕೆ ಯಾರೂ ಕಾಣ್ಲಿಲ್ಲ. ಸೆವ್ದಾ ಹತ್ರ ಬಂದೆ. ಪಾಪ, ಅವಳು ನನ್ನ ಮಾನ ಕಾಯೋಕೆ ಇಷ್ಟು ದಿನ ಬಾಯಿ ಮುಚ್ಕೊಂಡಿದಾಳೆ."

ಹೆಂಗಸರು ಲಂಗ ಎಳೆದುಕೊಂಡು ಹಿಂದೆ ಸರಿದರು. ಗಿನಾಳ ಕಣ್ಣು ಮಾತ್ರ ಸೆವ್ದಾಳ ಮೇಲಿಂದ ಕದಲಲಿಲ್ಲ, ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಸೆವ್ದಾ ಮುಂದೆ ಬಂದು, ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಹಿಡಿದು ರುಸಾಲಿನಾಳ ಕೈಯಿಂದ ಬಟ್ಟಲು ಕಿತ್ತುಕೊಂಡು ಮೆಟ್ಟಿಲಿಗೆ ಅಪ್ಪಳಿಸಿದಳು. ಮೈಲಿಗೆಯಾದ ಬಟ್ಟಲನ್ನು ರೋಮಾ ಜನ ತೊಳೆಯುವುದಿಲ್ಲ, ಒಡೆಯುತ್ತಾರೆ.

"ಎದ್ದು ನಡಿ," ಎಂದಳು, ದನಿ ಒಡೆದಿತ್ತು. "ಮದುವೆ ಮನೆ ಇದು."

ಅದನ್ನು ನೋಡಿದ ಗಿನಾ ಮತ್ತೆ ಸರದ ಮಾತೆತ್ತಲಿಲ್ಲ. ರುಸಾಲಿನಾ ಬೀದಿಯಲ್ಲಿ ನಡೆಯುತ್ತಿದ್ದಂತೆ ಸುದ್ದಿ ಅವಳಿಗಿಂತ ಮುಂದೆ ಓಡಿತು, ಬಾಗಿಲುಗಳು ಮುಚ್ಚಿದವು. ಯಾರೂ ಒಳಗೆ ಸೇರಿಸದ ಮೇಲ್ವಿಚಾರಕಿಯನ್ನು ಇಟ್ಟುಕೊಂಡು ವೆಸೆಲಾ ಏನು ಮಾಡಿಯಾಳು? ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು: ಇಷ್ಟೆಲ್ಲ ಮಾಡಿಯೂ ಹುಡುಗಿ ಮಾತ್ರೆ ಮುಟ್ಟದೆ ಹೋದರೆ?

ಮರುದಿನ ಮಿಂಕಾ ತಲೆಗೆ ವಸ್ತ್ರ ಕಟ್ಟಿಕೊಂಡು, ಬಸ್ಸು ಹಿಡಿದು, ಪೇಟೆಯ ಆಫೀಸಿಗೇ ಬಂದಳು. ರುಸಾಲಿನಾ ಮಾತ್ರೆ, ನೀರು ಕೊಟ್ಟಳು. ಹುಡುಗಿ ನುಂಗಿ, ನೆಲ ನೋಡುತ್ತ ಹೇಳಿದಳು:

"ಚಿಕ್ಕಮ್ಮ, ಅಮ್ಮ ಹೇಳಿ ಕಳಿಸಿದಾಳೆ. ನೀನು ನಮ್ಮ ಓಣಿಗೆ ಬರಬಾರ್ದಂತೆ. ನನ್ನ ಮದುವೆಗೂ."

"ಆಯ್ತು," ಎಂದಳು ರುಸಾಲಿನಾ. "ಬಾಯಿ ತೆಗಿ. ನಾಲಿಗೆ ಎತ್ತು, ನುಂಗಿದೀಯೋ ಇಲ್ವೋ ನೋಡೋಣ."